ಅಕ್ಕನ ಕಣ್ಣಿನ ಪದರ

"ದಾಕ್ಷಿ, ಒಲಿ ಉರಿ ಸುತ್ತ ಬಣ್ಣದ ಚಕ್ರ ಕಾಣಾಕತ್ತೈತಿ ನೋಡ" ಎಂದಳು ಅಕ್ಕ. ಪಲ್ಯಕ್ಕೆ ಉಪ್ಪು ಚೂರು ಕಡಿಮೆಯಾಗಿದೆ ಅನ್ನುವಷ್ಟು ಹಗುರಾಗಿ ಅಂದಳು. ಒಂದು ಕೈಯಲ್ಲಿ ರೊಟ್ಟಿ ಹಂಚಿಗೆ ಹಾಕುತ್ತಿದ್ದಳು, ಇನ್ನೊಂದು ಕೈಯಲ್ಲಿ ಅದರ ಮೇಲೆ ನೀರು ಸವರುತ್ತಿದ್ದಳು.

ನಾನು ತುತ್ತನ್ನು ತಟ್ಟೆಗೆ ಬಿಟ್ಟೆ. ಎಷ್ಟು ದಿನದಿಂದ ಎಂದು ಕೇಳಿದೆ. ಹೋದ ಅಮಾಸಿಯಿಂದ ಇದ್ದೀತು, ಹೊಗೆ ಬಡಿದಿರಬೇಕು ಎಂದು ಸುಮ್ಮನಿದ್ದೆ ಎಂದಳು. ಸುಮ್ಮನಿದ್ದಳಂತೆ! ತನ್ನ ಖಾನಾವಳಿಯಲ್ಲಿ ಊಟಕ್ಕೆ ಕೂತವರು ಒಂದು ರೊಟ್ಟಿ ಬಿಟ್ಟೆದ್ದರೆ ನೂರು ಪ್ರಶ್ನೆ ಕೇಳುವ ಹೆಂಗಸು, ತನ್ನ ಕಣ್ಣಿಗೆ ಏನಾದರೂ ಆದರೆ ಸುಮ್ಮನಿರುತ್ತಾಳೆ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ, ಅದು ನನಗೂ ಗೊತ್ತಿತ್ತು.

ಯಾಕೆ ಹೆದರಿಕೆ ಅಂದರೆ, ಆ ಕಣ್ಣು ಧಾರವಾಡದ ನಮ್ಮ ಸಂಶೋಧನಾ ಕೇಂದ್ರದಲ್ಲಿ ಮಾಡಿದ್ದು. ನಾನು ಅಲ್ಲಿ ಶಾಖದ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು. ಕೆಲವು ವರ್ಷಗಳ ಹಿಂದೆ, ಪಂಚಮಿ ಹಬ್ಬಕ್ಕೆಂದು ಖಾನಾವಳಿಗೆ ಸುಣ್ಣ ಹೊಡೆಯಲು ಅಕ್ಕ ಡ್ರಮ್ಮಿನಲ್ಲಿ ಸುಣ್ಣದ ಹರಳು ನೆನೆಹಾಕಿ ಬಗ್ಗಿ ನೋಡಿದ್ದಳು. ಕುದಿಯುವ ಸುಣ್ಣ ಮುಖಕ್ಕೆ ಸಿಡಿಯಿತು. ಎಡಗಣ್ಣು ಪೂರಾ ಹೋಯಿತು. ಬಲಗಣ್ಣಿನ ಒಳಗೆಲ್ಲ ಸರಿಯಿತ್ತು, ಆದರೆ ಮುಂದಿನ ಗಾಜಿನಂಥ ಪದರ, ಡಾಕ್ಟರರು ಕಾರ್ನಿಯಾ ಅನ್ನುತ್ತಾರಲ್ಲ, ಅದು ಸುಟ್ಟು ಬೆಳ್ಳಗಾಯಿತು. ದಾನದ ಕಣ್ಣು ಎರಡು ಸಲ ಕೂಡಿಸಿದರು. ಸುಟ್ಟ ಜಾಗ ಎರಡನ್ನೂ ಒಪ್ಪಲಿಲ್ಲ.

ಆಮೇಲೆ ಬಂದದ್ದು ನಮ್ಮ ಪದರ. ಅದರ ಗುಟ್ಟು ಬಹಳ ದೊಡ್ಡದೇನಲ್ಲ. ಪ್ಲಾಸ್ಟಿಕ್ಕಿನ ಜಾತಿಯ ವಸ್ತುಗಳೆಲ್ಲ ಶಾವಿಗೆಯಂಥ ಉದ್ದನೆಯ ಎಳೆಗಳು. ಕಾಯಿಸಿದಾಗ ಎಳೆಗಳು ಸಿಕ್ಕುಸಿಕ್ಕಾಗಿ ಈಜಾಡುತ್ತವೆ, ಆರಿದಾಗ ಸೀರೆಯ ನಿರಿಗೆಯ ಹಾಗೆ ಮಡಚಿಕೊಂಡು ತೆಳು ಹಾಳೆಗಳಾಗುತ್ತವೆ, ಹಾಳೆಯ ಮೇಲೆ ಹಾಳೆ ಕೂಡುತ್ತದೆ. ಹಾಳೆ ತೆಳುವಾಗಿದ್ದಷ್ಟು ದಿನ ಬೆಳಕು ಅಡ್ಡಿಯಿಲ್ಲದೆ ದಾಟುತ್ತದೆ. ದಪ್ಪವಾಗಿ ಗುಂಪುಗಟ್ಟಿದರೆ ಬೆಳಕು ಚದುರಿ ಮಂಜು ಕವಿದಂತಾಗುತ್ತದೆ. ತುಪ್ಪ ಕಾಸಿದವರಿಗೆಲ್ಲ ಇದು ಗೊತ್ತು. ನಿಧಾನ ಆರಿಸಿದರೆ ಹರಳುಗಟ್ಟುತ್ತದೆ, ಗಬಕ್ಕನೆ ತಂಪು ಮಾಡಿದರೆ ನುಣ್ಣಗೆ ಕೂಡುತ್ತದೆ.

ನಮ್ಮ ಮುಖ್ಯಸ್ಥರು ಇನಾಮದಾರ ಸರ್ ಮೊದಲು ಉಕ್ಕಿನ ಮೇಲೆ ಕೆಲಸ ಮಾಡಿದವರು. ಅವರ ಕೋಣೆಯ ಗೋಡೆಗೆ ಮೂರು ಚಿತ್ರ ತೂಗುಹಾಕಿದ್ದರು: ಉಕ್ಕಿನ ಒಳಗಿನ ಪದರಗಳು, ಎಲೆಯ ಹಸಿರು ಕಣದೊಳಗಿನ ಪದರಗಳು, ನಮ್ಮ ಕಣ್ಣಿನ ಪದರಗಳು. ಯಾವುದು ಯಾವುದೆಂದು ಹೇಳಿ ಎಂದು ಬಂದವರಿಗೆಲ್ಲ ಪರೀಕ್ಷೆ ಇಡುತ್ತಿದ್ದರು, ಮಂತ್ರಿಗಳೂ ತಪ್ಪು ಹೇಳಿ ಹೋದರು. ಕಣ್ಣು ಬಂದ ಮೇಲೆ ಅಕ್ಕನಿಗೂ ತೋರಿಸಿದರು. ಮೂರೂ ಚಿರೋಟಿ ಅದಾವು ಬಿಡ್ರಿ ಸಾಹೇಬ್ರ, ಸಕ್ಕರಿ ಉದುರಿಸೂದು ಮರತೀರಿ ಎಂದು ಅಕ್ಕ ನಕ್ಕಿದ್ದಳು.

ಆ ಪದರ ಮೈಶಾಖದಲ್ಲಿ ಹಾಗೇ ತೆಳುವಾಗಿ ಉಳಿಯಬೇಕಿತ್ತು. ಉರಿಯ ಸುತ್ತ ಚಕ್ರ ಕಂಡಿತೆಂದರೆ ಅದು ದಪ್ಪವಾಗುತ್ತಿದೆ ಎಂದರ್ಥ. ಅಕ್ಕನಿಗೆ ಇರುವುದು ಅದೊಂದೇ ಕಣ್ಣು. ಒಮ್ಮೆ ಕೂಡಿಸಿದ ಪದರ ಕಣ್ಣಿನ ಮಾಂಸಕ್ಕೆ ಬೆಸೆದುಬಿಡುತ್ತದೆ, ಕಿತ್ತು ಬೇರೆ ಹಾಕುವ ಹಾಗಿಲ್ಲ.

ಮರುದಿನ ಕೇಂದ್ರಕ್ಕೆ ಹೋಗಿ ವಿಷಯ ಹೇಳುವಷ್ಟರಲ್ಲಿ ಇನಾಮದಾರ ಸರ್ ಮುಖವೇ ಸಪ್ಪಗಿತ್ತು. ಕಣ್ಣಿನ ಡಾಕ್ಟರು ಕಟ್ಟಿ ಮೇಡಂ ಆಗಲೇ ಸರ್ ಅವರಿಗೆ ಫೋನ್ ಮಾಡಿದ್ದರು. ಗದಗಿನ ದರ್ಜಿ ಮಾಬುಸಾಬ ನದಾಫ್ ಅವರಿಗೂ ಹೀಗೇ ಆಗಿತ್ತಂತೆ. ಅವರದು ಇನ್ನೂ ಮುಂದುವರಿದಿತ್ತು, ಬಟ್ಟೆಯ ಅಂಚು ಕಾಣದೆ ಅಂಗಡಿ ಮುಚ್ಚಿ ಕೂತಿದ್ದರು. ಅವರು ದಿನವಿಡೀ ಕೆಂಡದ ಇಸ್ತ್ರಿಪೆಟ್ಟಿಗೆ ಮೇಲೆ ಬಗ್ಗುವವರು, ಅಕ್ಕ ಒಲೆಯ ಮೇಲೆ ಬಗ್ಗುವವಳು. ಶಾಖ ಹೆಚ್ಚು ತಗುಲಿದವರ ಪದರ ಮೊದಲು ದಪ್ಪವಾಗಿದೆ, ಉಳಿದವರದು ಹಿಂದಿನಿಂದ ಬರುತ್ತದೆ ಎಂದು ನಮಗೆ ಅನ್ನಿಸಿತು. ಇಬ್ಬರದೂ ಒಂದೇ ಪಾತ್ರೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ದ ಪದರ. ಆ ಪಾತ್ರೆಯಿಂದ ಹನ್ನೆರಡು ಮಂದಿಗೆ ಕಣ್ಣು ಹೋಗಿತ್ತು.

ಪ್ರತಿ ಸಲವೂ ಒಂದು ತುಣುಕು ನಮ್ಮಲ್ಲೇ ಇಟ್ಟುಕೊಳ್ಳುವುದು ಪದ್ಧತಿ. ಆ ತುಣುಕನ್ನು ಬೆಚ್ಚಗಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿದೆವು. ಪದರಗಳು ನೆಟ್ಟಗೆ ಮಲಗಿರಲಿಲ್ಲ. ಅಲ್ಲಲ್ಲಿ ಸೇವಂತಿಗೆ ಅರಳಿದ ಹಾಗೆ ಸುತ್ತಲೂ ಹರಡಿಕೊಂಡಿದ್ದವು. ಒಂದೊಂದು ಹೂವಿನ ನಡುವೆಯೂ ಬೆಳಕಿಗೆ ಅಡ್ಡವಾಗಿ ಒಂದು ಕರಿ ಚುಕ್ಕೆ ಕೂತಿತ್ತು. ಹರಳುಗಟ್ಟುವುದಕ್ಕೆ ಇಂಥದೊಂದು ಕಣ ಸಿಕ್ಕರೆ ಸಾಕು, ಎಳೆಗಳು ಅದನ್ನೇ ಹಿಡಿದು ಬೆಳೆಯತೊಡಗುತ್ತವೆ, ಬೆಚ್ಚಗಿದ್ದಷ್ಟೂ ದಪ್ಪವಾಗುತ್ತವೆ. ಅದಕ್ಕೇ ನಮ್ಮಲ್ಲಿ ಒಳಗೆ ಹೋಗುವಾಗ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಳ್ಳಬೇಕು, ಹಣೆಗೆ ಕುಂಕುಮ ಕೂಡ ಇಟ್ಟುಕೊಳ್ಳುವ ಹಾಗಿಲ್ಲ.

ಚುಕ್ಕೆ ಯಾವುದೆಂದು ಯಂತ್ರಕ್ಕೆ ಒಡ್ಡಿದೆವು. ಸುಣ್ಣದ ಅಂಶ, ಮರಳಿನ ಅಂಶ, ಪೊಟ್ಯಾಶ್. ಗೆರೆಗಳು ಪರದೆಯ ಮೇಲೆ ಎದ್ದು ನಿಂತವು. ನಾನು ಸುಮ್ಮನೆ ನೋಡುತ್ತಿದ್ದೆ. ಇನಾಮದಾರ ಸರ್ ಗೆರೆಗಳ ಮೇಲೆ ಬೆರಳಾಡಿಸಿದರು.

"ಬೂದಿ ಅದ ಇದು" ಎಂದರು. "ಆಕಳ ಸಗಣಿ ಸುಟ್ಟ ಬೂದಿ. ವಿಭೂತಿ."

ಆಮೇಲೆ ಅವರೇ ಹೇಳಿದರು. ಆ ಪದರ ಹೊಯ್ದ ವರ್ಷ ಖಂಡೆ ಪೂಜೆಯ ದಿನ ನಾನು ರಜೆಯಲ್ಲಿದ್ದೆ. ಧಾರವಾಡದಲ್ಲಿ ಯಾವ ಕಾರ್ಖಾನೆ ಆ ದಿನ ಯಂತ್ರಕ್ಕೆ ಪೂಜೆ ಮಾಡದೆ ಬಿಟ್ಟಿದೆ? ಲೇಥಿಗೂ ಚೆಂಡುಹೂವು, ಲಾರಿಗೂ ಕುಂಬಳಕಾಯಿ. ನಮ್ಮಲ್ಲಿ ಮಾತ್ರ ಬಾಗಿಲಿಗೆ ಮಾಲೆ ಹಾಕಿ ಅಲ್ಲಿಗೇ ಮುಗಿಸುತ್ತಿದ್ದರು. ಆದರೆ ಆ ಸಲ ಕಣ್ಣಿಗೆ ಕಾಯುತ್ತಿದ್ದ ಹನ್ನೆರಡೂ ಮಂದಿಯನ್ನು ಸರ್ ಪೂಜೆಗೆ ಕರೆದಿದ್ದರು. ಅವರೆಲ್ಲ ಕತ್ತಲಲ್ಲಿದ್ದವರು, ತಮ್ಮ ಕಣ್ಣು ತಯಾರಾಗುವ ಪಾತ್ರೆಯನ್ನು ಒಮ್ಮೆ ಮುಟ್ಟಲಿ ಎಂಬ ಆಸೆ ಸರ್ ಅವರಿಗೆ. ಪಾತ್ರೆ ಖಾಲಿಯಿತ್ತು, ಹೇಗೂ ನಾಳೆ ತೊಳೆಯುತ್ತೇವಲ್ಲ ಎಂದು ಆ ದಿನ ನಿಯಮ ಸಡಿಲಿಸಿ ಮುಚ್ಚಳ ತೆಗೆಸಿದ್ದರು. ಅಕ್ಕನ ಸರದಿ ಬಂದಾಗ ಅವಳು ಹಣೆಯ ವಿಭೂತಿಯನ್ನೇ ಮೂರು ಬೆರಳಿಗೆ ಬಳಿದುಕೊಂಡು, ತಡಕಾಡಿ, ಪಾತ್ರೆಯ ಹೊರಗಿನ ಅಂಚೆಂದು ತಿಳಿದು ಒಳಗಿನ ಅಂಚಿನ ಕೆಳಗೆ ಮೂರು ಗೆರೆ ಎಳೆದಿದ್ದಳು. ಸರ್ ನೋಡಿದ್ದರು. ಭಕ್ತಿಯಿಂದ ಮಾಡಿದ್ದನ್ನು ಆಕೆಯ ಮುಂದೆಯೇ ಒರೆಸುವುದು ಹೇಗೆ ಎಂದು ಬಾಯಿಬಿಡಲಿಲ್ಲ. ಮರುದಿನ ಪಾತ್ರೆ ತೊಳೆದವರು ಎಂದಿನಂತೆ ತೊಳೆದರು. ಅಂಚಿನ ಮಡಿಕೆಯಲ್ಲಿ ಉಳಿದ ಬೂದಿ ಯಾರ ಕಣ್ಣಿಗೂ ಬೀಳಲಿಲ್ಲ.

ಸರ್, ಅಕ್ಕನಿಗೆ ಇದನ್ನು ಹೇಳಬೇಡಿ ಎಂದು ನಾನು ಕೈಮುಗಿದೆ. ಅವರು ಆಗಲಿ ಎಂದು ತಲೆಯಾಡಿಸಿದರು.

ಅವತ್ತಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಅಕ್ಕನನ್ನು ಒಲೆಯ ಹತ್ತಿರ ಸುಳಿಯಗೊಡಬಾರದು ಎಂದು ಕಟ್ಟಿ ಮೇಡಂ ಹೇಳಿದ್ದರು. ಖಾನಾವಳಿಯ ಹೆಂಗಸರಿಗೆ ನಾನು ತಾಕೀತು ಮಾಡಿದೆ. ಅಕ್ಕ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಳು, ಹಿತ್ತಲಿನ ಮಡಕೆ ನೀರಲ್ಲಿ ಅದ್ದಿದ ಬಟ್ಟೆ ಕಣ್ಣಿಗೆ. ಕೂತಲ್ಲಿಂದಲೇ ಬಯ್ಯುತ್ತಿದ್ದಳು: ಹಿಟ್ಟು ಬಿಗಿಯಾತು, ಹಂಚು ಕಾದಿಲ್ಲ, ಝುಣಕ ಕದಡೀರಿ. ರೊಟ್ಟಿ ಬಡಿಯುವ ಸಪ್ಪಳದಲ್ಲೇ ಅವಳಿಗೆ ಎಲ್ಲ ಗೊತ್ತಾಗುತ್ತಿತ್ತು. ಅವಳು ಬಟ್ಟೆ ತೆಗೆದು ನೋಡಿದಾಗಲೆಲ್ಲ ನಾನು ಅವಳ ಮುಖವನ್ನು ನೋಡುತ್ತಿದ್ದೆ, ಅವಳಿಗೆ ನನ್ನ ಮುಖ ಎಷ್ಟು ಕಾಣುತ್ತಿದೆ ಎಂದು ಅಳೆಯುತ್ತಿದ್ದೆ. ಒಂದು ದಿನ ನನ್ನ ಮೂಗುತಿ ಎಲ್ಲಿ ಹೋಯಿತೆಂದು ಕೇಳಿದಳು. ಮೂಗುತಿ ಮೂಗಿನಲ್ಲೇ ಇತ್ತು. ತೆಗೆದಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಹಿತ್ತಲಿಗೆ ಹೋಗಿ ಅತ್ತೆ.

ಅತ್ತ ಕೇಂದ್ರದಲ್ಲಿ ಒಂದು ದಾರಿ ಹೊಳೆದಿತ್ತು. ಕಣ್ಣಿನ ಮೇಲಿರುವಾಗಲೇ ಪದರವನ್ನು ಸಣ್ಣ ಕಿರಣದಿಂದ ಒಂದೇ ಒಂದು ಕ್ಷಣ ಕರಗಿಸಿ, ತಕ್ಷಣ ತಣ್ಣನೆಯ ದ್ರವ ಹರಿಸಿ ಮತ್ತೆ ತೆಳುವಾಗಿ ಕೂಡುವಂತೆ ಮಾಡುವುದು. ಬೂದಿ ಅಲ್ಲೇ ಇರುತ್ತದೆ, ಆದರೆ ಗಬಕ್ಕನೆ ತಂಪಾದರೆ ಅದಕ್ಕೆ ಹೂ ಅರಳಿಸುವಷ್ಟು ವ್ಯವಧಾನ ಸಿಗುವುದಿಲ್ಲ. ಆಮೇಲೆ ಶಾಖದಿಂದ ದೂರವಿದ್ದರೆ ಬಹಳ ವರ್ಷ ತೊಂದರೆಯಿಲ್ಲ. ಗಾಜಿನ ಮೇಲೆ ಮಾಡಿ ನೋಡಿದೆವು, ಆಯಿತು. ಕಸಾಯಿಖಾನೆಯಿಂದ ತಂದ ಕುರಿಯ ಕಣ್ಣಿನ ಮೇಲೆ ಒಮ್ಮೆ ಆಯಿತು, ಒಮ್ಮೆ ಕಣ್ಣೇ ಬೆಂದುಹೋಯಿತು. ಜೀವಂತ ಮನುಷ್ಯನ ಕಣ್ಣಿನಲ್ಲಿ ರಕ್ತ ಹರಿಯುತ್ತದೆ, ಕಣ್ಣೀರು ಇರುತ್ತದೆ, ಅಲ್ಲಿ ಎಷ್ಟು ಶಾಖಕ್ಕೆ ನಿಲ್ಲಿಸಬೇಕೆಂದು ಯಾರೋ ಒಬ್ಬರ ಕಣ್ಣಿನಲ್ಲಿ ಮಾಡಿಯೇ ತಿಳಿಯಬೇಕು. ಕಾಯೋಣ ಎಂದರೆ ಪದರ ಕಾಯುವುದಿಲ್ಲ, ಇನ್ನಷ್ಟು ದಪ್ಪವಾದರೆ ಕರಗುವುದೂ ಇಲ್ಲ.

ಮೊದಲು ಮಾಬುಸಾಬರಿಗೆ ಎಂದು ಕಟ್ಟಿ ಮೇಡಂ ನಿರ್ಧರಿಸಿದರು, ಅವರದೇ ಹೆಚ್ಚು ಕೆಟ್ಟಿತ್ತಲ್ಲ. ಅದನ್ನು ಕೇಳಿದಾಗ ನನಗೆ ಹೊಟ್ಟೆಯಲ್ಲಿ ತಣ್ಣಗೆ ಹಾಲು ಸುರಿದಂತಾಯಿತು. ಅವರ ಕಣ್ಣಿನಲ್ಲಿ ಎಡವಟ್ಟಾದರೆ ಆಗಲಿ, ಅಕ್ಕನ ಸರದಿ ಬರುವಷ್ಟರಲ್ಲಿ ನಮಗೆ ಸರಿಯಾದ ಲೆಕ್ಕ ಸಿಕ್ಕಿರುತ್ತದೆ ಎಂದು ನನ್ನ ಮನಸ್ಸು ಹೇಳಿತು. ಹೌದು, ಹಾಗೇ ಹೇಳಿತು. ಆ ಮನುಷ್ಯ ಕೇಂದ್ರದ ವರಾಂಡದಲ್ಲಿ ಹೆಂಡತಿಯ ಹೆಗಲು ಹಿಡಿದು ಬಂದು ಕೂತಾಗ ನಾನು ಚಹಾ ತಂದುಕೊಟ್ಟೆ, ಕಣ್ಣೆತ್ತಿ ನೋಡಲಿಲ್ಲ.

ಎಲ್ಲ ಹಾಗೇ ಆಗುತ್ತಿತ್ತು, ಇನಾಮದಾರ ಸರ್ ಅವರ ಹೊಟ್ಟೆಯಲ್ಲಿ ಮಾತು ನಿಂತಿದ್ದರೆ. ಒಂದು ಮಧ್ಯಾಹ್ನ ಖಾನಾವಳಿಗೆ ಬಂದರು. ಊಟದ ಹೊತ್ತು ಮುಗಿದಿತ್ತು, ಅಕ್ಕ ಅವರಿಗೆ ಎಣ್ಣೆಗಾಯಿ ಬಡಿಸಲು ಹೇಳಿದಳು. ಅವರು ತುತ್ತು ಎತ್ತಲಿಲ್ಲ. ನಾನು ಸನ್ನೆ ಮಾಡಿದೆ, ಕಣ್ಣು ಕೆಕ್ಕರಿಸಿದೆ, ಕೊನೆಗೆ ಕೆಮ್ಮಿದೆ. ಏನೂ ನಡೆಯಲಿಲ್ಲ. ತಪ್ಪು ನನ್ನದು ನಿಂಬೆವ್ವಾರ, ನಿಮ್ಮನ್ನು ಪಾತ್ರೆಯ ಹತ್ತಿರ ಬಿಟ್ಟವನು ನಾನು, ಗೆರೆ ಎಳೆದಾಗ ಬಾಯಿ ಮುಚ್ಚಿಕೊಂಡವನೂ ನಾನು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಎಲ್ಲವನ್ನೂ ಹೇಳಿಬಿಟ್ಟರು. ದೊಡ್ಡ ವಿಜ್ಞಾನಿ, ಪಾಪ. ತಮ್ಮ ಎದೆ ಹಗುರ ಮಾಡಿಕೊಂಡು ಹೋದರು, ಭಾರವನ್ನು ಎಲ್ಲಿ ಇಳಿಸಿದೆ ಎಂಬುದು ಅವರಿಗೆ ತಿಳಿಯಲಿಲ್ಲ.

ಅಕ್ಕ ಒದ್ದೆ ಬಟ್ಟೆಯನ್ನು ಹಿಂಡಿ ಹಿಂಡಿ ಮಡಿಲಲ್ಲಿಟ್ಟುಕೊಂಡಳು.

"ಹನ್ನೊಂದು ಮಂದಿ ಅಲ್ಲೇನು ದಾಕ್ಷಿ, ನನ್ನ ಬಿಟ್ಟು?" ಎಂದಳು.

ಅದು ನಿನ್ನ ತಪ್ಪಲ್ಲ, ಕಾಣದವಳಿಗೆ ಒಳಗೆ ಯಾವುದು ಹೊರಗೆ ಯಾವುದು ಎಂದು ವಾದಕ್ಕೆ ನಿಂತೆ. ಅವಳು ಕೇಳಿಸಿಕೊಳ್ಳಲಿಲ್ಲ.

"ಮೊದಲ ಯಾರಿಗೆ ಮಾಡತಾರ?"

"ಮಾಬುಸಾಬರಿಗೆ. ಅದೆಲ್ಲ ಡಾಕ್ಟರು ನೋಡಿ ಹೇಳಿದ್ದು. ನೀ ಸುಮ್ಮಕಿರು."

"ಆ ಮನಿಶ್ಯಾ ಏನ ಮಾಡ್ಯಾನು? ನನ್ನ ಬೆರಳ ಮಾಡಿದ್ದಕ್ಕ ಅಂವನ ಕಣ್ಣ ಯಾಕ ಒಡ್ಡಬೇಕು? ಮೊದಲ ನನಗ ಮಾಡ್ರಿ."

"ಅಕ್ಕಾ, ಮೊದಲು ಮಾಡಿಸಿಕೊಂಡವರ ಕಣ್ಣು ಹೋಗಬಹುದು. ತಿಳೀತೇನು ನಿನಗ? ನಿನಗಿರೂದು ಒಂದ."

"ಅಂವಗ ಎಷ್ಟದಾವು?"

ಅವರಿಗೂ ಒಂದೇ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಜಗಳಾಡಿದೆ, ಕಾಲು ಹಿಡಿದೆ, ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ ಎಂದು ಚಿಕ್ಕ ಹುಡುಗಿಯ ಹಾಗೆ ಅತ್ತೆ. ಅವ್ವ ಸತ್ತಾಗಿನಿಂದ ರೊಟ್ಟಿ ಬಡಿದು ನನ್ನನ್ನು ಓದಿಸಿದವಳು ಅವಳು. ಕಟ್ಟಿ ಮೇಡಂ ಮೊದಲು ಒಪ್ಪಲಿಲ್ಲ. ನನಗೂ ಅಷ್ಟೇ ಅವಸರ ಐತಿ, ಉರಿ ಚಕ್ರ ಈಗ ಗಡಿಗಿ ಬಾಯಷ್ಟ ಆಗೈತಿ ಎಂದು ಅಕ್ಕ ಪಟ್ಟುಹಿಡಿದಳು. ಅದು ಸುಳ್ಳು, ಆದರೆ ಇನ್ನು ಸ್ವಲ್ಪ ದಿನಕ್ಕೆ ನಿಜವೇ ಆಗುತ್ತಿತ್ತು. ಕೊನೆಗೆ ಒಪ್ಪಿದರು. ಅಕ್ಕ ಒಂದೇ ಮಾತು ತೆಗೆದುಕೊಂಡಳು: ವಿಭೂತಿಯ ವಿಷಯ ಆ ಹನ್ನೊಂದು ಮಂದಿಗೆ ನಾನೇ ಹೇಳುತ್ತೇನೆ, ಅವರ ಕಣ್ಣು ಸರಿಯಾದ ಮೇಲೆ.

ಆ ದಿನ ಬೆಳಗ್ಗೆ ಶಾಖದ ಯಂತ್ರದ ಮುಂದೆ ಕೂತವಳು ನಾನು. ಬೇರೆಯವರು ಕೂರಲಿ ಎಂದು ಸರ್ ಹೇಳಿದರು, ನಾನು ಬಿಡಲಿಲ್ಲ. ಗಾಜಿನ ಆಚೆ ಅಕ್ಕ ಮಲಗಿದ್ದಳು, ತಲೆಗೆ ಪಟ್ಟಿ ಬಿಗಿದಿದ್ದರು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿದ್ದರು, ಎಚ್ಚರವಿದ್ದಳು. ಏನು ಕಾಣುತ್ತದೆಂದು ಹೇಳುತ್ತಿರಬೇಕು ಎಂದು ಕಟ್ಟಿ ಮೇಡಂ ಹೇಳಿಕೊಟ್ಟಿದ್ದರು. ಪರದೆಯ ಮೇಲೆ ಅವಳ ಪದರ ಆಳೆತ್ತರ ಕಾಣುತ್ತಿತ್ತು, ಅದರ ತುಂಬ ಆ ಹಾಳು ಹೂಗಳು.

ಕಿರಣ ಬಿಟ್ಟೆ. ಶಾಖ ನಿಧಾನ ಏರಿತು. ದಪ್ಪ ಪದರ ಕರಗಲು ಹೆಚ್ಚು ಶಾಖ ಬೇಕು, ತೆಳು ಪದರಕ್ಕೆ ಕಡಿಮೆ ಸಾಕು. ಪೂರಾ ಕರಗುವವರೆಗೆ ಏರಿಸಬೇಕು ಎಂಬುದು ನಮ್ಮ ಲೆಕ್ಕ. ಆದರೆ ಲೆಕ್ಕಕ್ಕಿಂತ ಬಹಳ ಮೊದಲೇ ಹೂವಿನ ಅಂಚುಗಳು ಸಡಿಲಾದವು, ಎಸಳುಗಳು ಕಳಚಿಕೊಂಡವು, ಪರದೆ ತಿಳಿಯಾಯಿತು.

"ಕಾಣಾಕತ್ತೈತಿ" ಎಂದಳು ಅಕ್ಕ. "ಡಾಕ್ಟರ, ನಿಮ್ಮ ರೆಪ್ಪಿ ಕೂದಲ ಸೈತ ಕಾಣಾಕತ್ತಾವು."

ನಾನು ತಕ್ಷಣ ಕಿರಣ ಆರಿಸಿದೆ, ತಂಪು ಬಿಟ್ಟೆ. ಆದರೆ ಒಲೆ ಆರಿಸಿದ ಮೇಲೂ ಹಂಚು ರೊಟ್ಟಿ ಸುಡುತ್ತದಲ್ಲ, ಹಾಗೆ ಪದರದೊಳಗೆ ಹೊಕ್ಕಿದ್ದ ಶಾಖ ಕೆಳಗೆ ಇಳಿಯುತ್ತಲೇ ಇತ್ತು. ತಂಪು ತಲುಪುವಷ್ಟರಲ್ಲಿ ಪದರದ ಕೆಳಗಿನ ಮಾಂಸ ಬೆಳ್ಳಗಾಯಿತು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ. ಪರದೆಯ ಮೇಲೆ ಎಲ್ಲವೂ ಸುಣ್ಣ ಬಳಿದಂತಾಯಿತು. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ.

ಅಕ್ಕ ಮಾತ್ರ ಕೇಳಿದಳು, ಈಗ ದೀಪ ಆರಿಸಿದಿರೇನು ಎಂದು.

ನಾನು ಮನೆಗೆ ಹೋಗಿ ಮೂರು ಹೊತ್ತು ಊಟ ಬಿಟ್ಟು ಮಲಗಿದೆ. ಎಬ್ಬಿಸಿದವಳು ಅವಳೇ, ಗೋಡೆ ಹಿಡಿದುಕೊಂಡು ಬಂದು. ನೀ ಅಳಕೋತ ಕೂತರ ಉಳಿದವರ ಗತಿ ಏನು, ಎಷ್ಟಕ್ಕ ನಿಲ್ಲಸಬೇಕು ಅಂತ ಈಗ ಗೊತ್ತಾತಲ್ಲ, ಎದ್ದು ನಡಿ ಎಂದಳು. ಗೊತ್ತಾಗಿತ್ತು ನಿಜ. ಪೂರಾ ಕರಗಿಸುವುದು ಬೇಕಿರಲಿಲ್ಲ. ಎಸಳು ಸಡಿಲಾಗುವ ಮೊದಲೇ ಕಿರಣ ಆರಿಸಬೇಕು, ಉಳಿದದ್ದನ್ನು ಒಳಗಿನ ಶಾಖವೇ ಮಾಡಿ ಮುಗಿಸುತ್ತದೆ. ಇದನ್ನು ನಮಗೆ ಕುರಿಯ ಕಣ್ಣು ಹೇಳಿರಲಿಲ್ಲ, ಅಕ್ಕನ ಬಾಯಿ ಹೇಳಿತ್ತು. ನಾನು ಎದ್ದು ಹೋದೆ. ಒಬ್ಬೊಬ್ಬರನ್ನಾಗಿ ಹನ್ನೊಂದೂ ಮಂದಿಗೆ ಮಾಡಿದೆವು. ಪ್ರತಿ ಸಲ ಗುಂಡಿಯ ಮೇಲೆ ಬೆರಳಿಟ್ಟವಳು ನಾನೇ. ಒಂದು ಕಣ್ಣೂ ಹೋಗಲಿಲ್ಲ.

ಶ್ರಾವಣದಲ್ಲಿ ಅಕ್ಕ ಆ ಹನ್ನೊಂದೂ ಮಂದಿಯನ್ನು ಖಾನಾವಳಿಗೆ ಊಟಕ್ಕೆ ಕರೆಸಿದಳು. ಎಲ್ಲರಿಗೂ ನೀರು ಕೊಟ್ಟ ಮೇಲೆ, ಬಡಿಸುವ ಮೊದಲು, ನಿಂತುಕೊಂಡು ಹೇಳಿದಳು. ವಿಭೂತಿ ಹಚ್ಚಿದ್ದು, ಅದು ಒಳಗೆ ಬಿದ್ದದ್ದು, ಅವರ ಕಣ್ಣಿಗೆ ಮಂಜು ಬಂದದ್ದು, ಒಂದನ್ನೂ ಬಿಡಲಿಲ್ಲ. ಬೈಯ್ಯೂದಿದ್ರ ಈಗ ಬೈರಿ, ಉಂಡ ಮ್ಯಾಲ ಬೈದ್ರ ಅನ್ನ ಮೈಗೆ ಹತ್ತೂದಿಲ್ಲ ಎಂದಳು. ನಾನು ಅವಳ ಹಿಂದೆ ನಿಂತಿದ್ದೆ. ಯಾರೂ ಬೈಯಲಿಲ್ಲ. ಪಂಗ್ತಿಯ ಎಲೆಗಳು ಫ್ಯಾನಿನ ಗಾಳಿಗೆ ಏಳುತ್ತಿದ್ದವು.

ಮಾಬುಸಾಬರು ಮಾತ್ರ ಎದ್ದು ಬಂದು ಅವಳ ಎದುರಿನ ಚಾಪೆಯ ಮೇಲೆ ಕೂತರು. ಜೇಬಿನಿಂದ ಸೂಜಿ ತೆಗೆದರು, ದಾರದ ಉಂಡೆ ತೆಗೆದರು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಯ ಕಣ್ಣಿಗೆ ಹಿಡಿದರು. ಆಮೇಲೆ ಅಕ್ಕನ ಕೈ ಹಿಡಿದು, ಬೆರಳಿಗೆ ಚುಚ್ಚದ ಹಾಗೆ, ಸೂಜಿಯನ್ನು ಅದರಲ್ಲಿಟ್ಟರು. ಅಕ್ಕ ದಾರವನ್ನು ಹಿಡಿದು ಮೇಲಕ್ಕೆ ತಡವುತ್ತಾ ಹೋದಳು, ಸೂಜಿ ಸಿಕ್ಕಿತು, ಆಚೆ ಕಡೆಗೂ ದಾರ ಸಿಕ್ಕಿತು.

"ಒಂದ ಸಲಕ್ಕ ಹೋತೇನು ಮಾಬಣ್ಣ?" ಎಂದಳು.

"ಒಂದ ಸಲಕ್ಕ ಅಕ್ಕಾರ."

ಅಕ್ಕನ ಮುಖ ಅರಳಿತು, ಕಣ್ಣು ತುಂಬಿ ಹರಿಯಿತು. ಅದನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗದೆ ಒಳಗಿನ ಹೆಂಗಸರನ್ನು ಕೂಗಿ, ಬಡಿಸಲು ಹೇಳಿದಳು.